ಟೇಬಲ್ಲಿನ ಗೆರೆ ಯಾರದು?

ನೋಡು ತಮ್ಮಾ, ವೆಬ್ ಪುಟದ ಉದ್ದನೆಯ ಟೇಬಲ್ಲಿನ ತಲೆಸಾಲು ಮೇಲೆಯೇ ನಿಲ್ಲಲಿ ಅಂತ ಸಿಎಸ್‌ಎಸ್‌ನಲ್ಲಿ ‘ಪೊಸಿಷನ್: ಸ್ಟಿಕಿ’ ಹಾಕಿದ್ದೀಯ. ಸಾಲೇನೋ ನಿಂತಿತು, ಅದರ ಗೆರೆಗಳು ಮಾತ್ರ ಸ್ಕ್ರೋಲ್ ಮಾಡಿದೊಡನೆ ಮಾಯ. ಕ್ರೋಮನ್ನು ಬೈದು ಫಲವಿಲ್ಲ, ಫೈರ್‌ಫಾಕ್ಸ್‌ನಲ್ಲೂ ಇದೇ ಪಾಡು.

‘ಬಾರ್ಡರ್-ಕೊಲ್ಯಾಪ್ಸ್: ಕೊಲ್ಯಾಪ್ಸ್’ ಅಂತ ಬರೆದೆಯೋ, ಅಕ್ಕಪಕ್ಕದ ಸೆಲ್‌ಗಳ ಗೆರೆ ಒಂದಾಗಿಬಿಡುತ್ತದೆ. ಅಣ್ಣತಮ್ಮಂದಿರ ಹೊಲಗಳ ನಡುವಿನ ಬದುವಿನ ಹಾಗೆ, ಅದು ಒಬ್ಬನ ಸ್ವತ್ತಲ್ಲ. ಹೆಡರ್ ಸೆಲ್ ನಿಂತರೂ ಗೆರೆ ಟೇಬಲ್ಲಿನ ಜೊತೆಗೇ ಹೋಗುತ್ತದೆ. ಅದಕ್ಕೇ ಅಲ್ಲಿ ‘ಸೆಪರೇಟ್’ ಬರೆ, ‘ಬಾರ್ಡರ್-ಸ್ಪೇಸಿಂಗ್’ ಸೊನ್ನೆ ಮಾಡು. ಪ್ರತಿ ಸೆಲ್‌ಗೆ ಬಲಗಡೆ ಮತ್ತು ಕೆಳಗಡೆ ಮಾತ್ರ ಗೆರೆ ಕೊಡು. ಎಡಗೆರೆ ಮೊದಲ ಕಾಲಮ್ಮಿಗೆ, ಮೇಲ್ಗೆರೆ ತಲೆಸಾಲಿಗೆ. ಗೆರೆ ಎಲ್ಲೂ ದಪ್ಪವಾಗುವುದಿಲ್ಲ, ಹೆಡರ್ ಜೊತೆಗೇ ನಿಲ್ಲುತ್ತದೆ. ಹೆಡರ್ ಸೆಲ್‌ಗೆ ಹಿನ್ನೆಲೆ ಬಣ್ಣ ಮರೆಯಬೇಡ, ಇಲ್ಲದಿದ್ದರೆ ಕೆಳಗಿನ ಅಂಕಿಗಳು ಅದರ ಹಿಂದೆ ಹಾಯುವುದು ಕಾಣುತ್ತದೆ.

ಹಳೆಯ ಕೋಡ್‌ನಲ್ಲಿ ಸ್ಟಿಕಿಯನ್ನು ಒಂದೊಂದು ಹೆಡರ್ ಸೆಲ್‌ಗೂ ಕೊಟ್ಟಿರುವುದು ಕಂಡರೆ ನಗಬೇಡ. 2021ರಲ್ಲಿ ಕ್ರೋಮ್ 91 ಬರುವವರೆಗೂ ಆ ಬ್ರೌಸರ್‌ನಲ್ಲಿ ಇಡೀ ಸಾಲಿಗೆ ಕೊಟ್ಟರೆ ಅದು ಕೆಲಸವೇ ಮಾಡುತ್ತಿರಲಿಲ್ಲ. ಇನ್ನೊಂದು: ಮೊಬೈಲಿಗೆಂದು ಟೇಬಲ್ಲಿನ ಸುತ್ತ ‘ಓವರ್‌ಫ್ಲೋ: ಆಟೋ’ ಡಬ್ಬಿ ಕಟ್ಟಿದರೆ ಹೆಡರ್ ಪುಟಕ್ಕಲ್ಲ, ಆ ಡಬ್ಬಿಗೆ ಅಂಟುತ್ತದೆ. ಡಬ್ಬಿಗೊಂದು ಎತ್ತರದ ಮಿತಿ ಹಾಕು.

ಕಾಲಮ್ ಅಗಲ ನಿನ್ನ ಮಾತು ಕೇಳದಿದ್ದರೆ ‘ಟೇಬಲ್-ಲೇಔಟ್: ಫಿಕ್ಸ್‌ಡ್’ ಕೊಡು. ಜೊತೆಗೆ ಟೇಬಲ್ಲಿಗೂ ಅಗಲ ಹೇಳಿರಬೇಕು. ಆಮೇಲೆ ಅಗಲಗಳನ್ನು ಮೊದಲ ಸಾಲೇ ತೀರ್ಮಾನಿಸುತ್ತದೆ, ಕೆಳಗಿನವರ ತಕರಾರು ನಡೆಯುವುದಿಲ್ಲ. ಅಕ್ಷರದ ಗಾತ್ರ, ಬಣ್ಣ ಟೇಬಲ್ಲಿನೊಳಗೆ ಇಳಿಯುತ್ತಿಲ್ಲವೆಂದರೆ ಫೈಲಿನ ತಲೆಯಲ್ಲಿ ಡಾಕ್‌ಟೈಪ್ ಇದೆಯೇ ನೋಡು, ಅಷ್ಟೆ.

ಕನ್ನಡದ ಟೇಬಲ್ಲಿಗೆ ಬೇರೆಯೇ ಪಾಡಿದೆ. ಇಂಗ್ಲಿಷಿನಲ್ಲಿ ಹದವಾಗಿ ಕಂಡ ಬಿಗಿ ಲೈನ್-ಹೈಟ್ ‘ಚಿಕ್ಕಬಳ್ಳಾಪುರ’ ಬಂದೊಡನೆ ಕೈಕೊಡುತ್ತದೆ. ಓವರ್‌ಫ್ಲೋ ಮುಚ್ಚಿದ್ದೀಯಾದರೆ ಒತ್ತಕ್ಷರಗಳ ಕಾಲೇ ಕತ್ತರಿಸಿಹೋಗುತ್ತದೆ. ನಾನಂತೂ 1.6ಕ್ಕಿಂತ ಕಡಿಮೆ ಇಡುವುದಿಲ್ಲ. ಉದ್ದದ ಪದ ಕಾಲಮ್ಮನ್ನು ಹಿಗ್ಗಿಸುತ್ತಿದ್ದರೆ ‘ಓವರ್‌ಫ್ಲೋ-ರ್‍ಯಾಪ್’ಗೆ ‘ಎನಿವೇರ್’ ಕೊಡು. ‘ಬ್ರೇಕ್-ವರ್ಡ್’ ಕೊಟ್ಟರೆ ಫಿಕ್ಸ್‌ಡ್ ಅಲ್ಲದ ಟೇಬಲ್ಲಿನಲ್ಲಿ ಕಾಲಮ್ ಕಿರಿದಾಗುವುದಿಲ್ಲ.

ಬ್ರೌಸರಿನ ಹೆಸರು ಪತ್ತೆಹಚ್ಚಿ ಒಂದೊಂದಕ್ಕೂ ಬೇರೆ ಬೇರೆ ತೇಪೆ ಹಾಕುವ ಚಾಳಿ ಮಾತ್ರ ಬೇಡ, ಮುಂದಿನ ಅಪ್‌ಡೇಟ್‌ಗೆ ಆ ತೇಪೆಯೇ ಹರಿಯುತ್ತದೆ. ಈ ಟೇಬಲ್ಲನ್ನು ಒಪ್ಪಿಸುವ ಮುಂಚೆ ಯಾರದಾದರೂ ಐಫೋನ್ ಇಸ್ಕೊಂಡು ಸಫಾರಿಯಲ್ಲೂ ಒಮ್ಮೆ ತೆರೆದು ನೋಡಪ್ಪ.