ಗೆಳೆಯನ ಅಮ್ಮ ಯಾವ ದಿಕ್ಕು?

 

ಬಂಧುಗಳೇ, ಈ ವಾರ ನಾವು ಓದುತ್ತಿರುವುದು ದೀಘ ನಿಕಾಯದ 31ನೇ ಸುತ್ತ, ಸಿಗಾಲೋವಾದ. ರಾಜಗೃಹದ ಸಿಗಾಲನೆಂಬ ಯುವಕ ಬೆಳಿಗ್ಗೆ ಮಿಂದು ಒದ್ದೆ ಬಟ್ಟೆಯಲ್ಲೇ ಆರು ದಿಕ್ಕಿಗೂ ಕೈಮುಗಿಯುತ್ತಿದ್ದ. ಅಪ್ಪ ಸಾಯುವಾಗ ಹೇಳಿದ್ದ ಎನ್ನುವುದೇ ಕಾರಣ. ಭಗವಾನರು ಅವನನ್ನು ಹಂಗಿಸಲಿಲ್ಲ, ದಿಕ್ಕುಗಳ ಅರ್ಥವನ್ನೇ ಬದಲಾಯಿಸಿದರು. ಮೂಡಣ ತಾಯಿತಂದೆ, ತೆಂಕಣ ಗುರುಗಳು, ಪಡುವಣ ಹೆಂಡತಿ ಮಕ್ಕಳು, ಬಡಗಣ ಗೆಳೆಯರು, ಕೆಳಗೆ ದುಡಿಯುವ ಆಳುಗಳು, ಮೇಲೆ ಶ್ರಮಣರು. ಕೈಮುಗಿಯುವುದೆಂದರೆ ಅವರ ಋಣ ತಿಳಿದು ನಡೆದುಕೊಳ್ಳುವುದು.

ಓದುವಾಗ ನನಗೊಂದು ತೊಡಕು ಬಂತು. ಗೆಳೆಯನ ಅಮ್ಮ ಯಾವ ದಿಕ್ಕು? ಬಡಗಣವೆಂದರೆ ಕೆಲಸ ಸುಲಭ. ಗೆಳೆಯನ ಮನೆಯವರನ್ನು ಗೌರವಿಸಬೇಕೆಂದು ಸುತ್ತವೇ ಹೇಳುತ್ತದೆ, ಕಂಡಾಗ ನಮಸ್ಕಾರ ಹೇಳಿದರೆ ಆಯಿತು. ಮೂಡಣವೆಂದರೆ ಮಗನ ಐದು ಕರ್ತವ್ಯಗಳೂ ಹೆಗಲಿಗೆ ಬರುತ್ತವೆ. ಅವುಗಳಲ್ಲಿ ಕೊನೆಯದು, ತೀರಿಹೋದವರ ಹೆಸರಿನಲ್ಲಿ ದಾನ ಮಾಡುವುದು.

ಎರಡು ತಿಂಗಳ ಹಿಂದೆ ತೀರಿಕೊಂಡ ಒಬ್ಬ ತಾಯಿಯನ್ನು ನೆನೆದು ಇದನ್ನು ಬರೆಯುತ್ತಿದ್ದೇನೆ.

ನಾನು ಹೈಸ್ಕೂಲು ಓದಿದ್ದು ರಾಮನಗರದಲ್ಲಿ. ಸಂಜೆ ನಮ್ಮೂರಿಗಿದ್ದದ್ದು ಒಂದೇ ಬಸ್ಸು, ಅದೂ ಆರೂವರೆಗೆ. ಅಲ್ಲಿಯವರೆಗೆ ಎಲ್ಲಿ ಕೂರುವುದು? ಒಬ್ಬ ಸಹಪಾಠಿಯ ಮನೆಗೆ ಹೋದಾಗ ಜಗಲಿಯಲ್ಲೇ ನಿಲ್ಲಿಸಿ ಬೊಗಸೆಗೆ ಮೇಲಿನಿಂದ ನೀರು ಹೊಯ್ದರು. ಅದನ್ನು ಬೆಳೆಸುವುದಿಲ್ಲ, ನಿಮಗೆಲ್ಲ ಗೊತ್ತಿರುವುದೇ. ಇನ್ನೊಬ್ಬ ಗೆಳೆಯ ಮುಸ್ಲಿಮರ ಹುಡುಗ. ಅವನ ಅಮ್ಮ ಫಿಲೇಚರಿನಲ್ಲಿ ನೂಲು ಬಿಚ್ಚುವ ಕೂಲಿ. ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ಎಳೆ ಹುಡುಕಿ ಹುಡುಕಿ ಅವರ ಬೆರಳ ತುದಿಗಳು ಬಿಳಿಚಿಕೊಂಡು ಸುಕ್ಕಾಗಿರುತ್ತಿದ್ದವು. ಸೆರಗಿನಲ್ಲಿ ಹುಳುವಿನ ವಾಸನೆ. ರಾಮನಗರದವರಿಗೆ ಆ ವಾಸನೆಯನ್ನು ವಿವರಿಸಬೇಕಿಲ್ಲ.

ಅವರು ನನ್ನ ಜಾತಿ ಕೇಳಲಿಲ್ಲ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ, ಆದರೆ ಕೇಳಿದರು. "ಯಾವೂರು? ಊರಲ್ಲಿ ಯಾವ ಕೇರಿ?" ನಾನು ತಲೆ ತಗ್ಗಿಸಿ ಹೇಳಿದೆ. "ಸರಿ, ತಿನ್ನು ಬೇಟಾ, ಬಸ್ ಹೋಗ್ತದೆ" ಎಂದು ಮಗನ ತಟ್ಟೆಯಲ್ಲೇ ನನಗೂ ಹಾಕಿದರು. ಗೆಳೆತನದ ಕರ್ತವ್ಯಗಳಲ್ಲಿ ಸಮಾನತ್ತತಾ ಎಂದು ಒಂದಿದೆ, ತನ್ನಂತೆಯೇ ಕಾಣುವುದು. ಆ ಪಾಲಿ ಪದ ಓದಿದಾಗಲೆಲ್ಲ ನನಗೆ ಆ ತಟ್ಟೆ ನೆನಪಾಗುತ್ತದೆ.

ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹೊತ್ತಿಗೆ ಹದಿನೈದು ದಿನ ಅಲ್ಲೇ ಮಲಗಿ ಓದಿದೆ. ಬೆಳಗಿನ ನಮಾಜಿಗೆ ಎದ್ದವರು ಇಬ್ಬರನ್ನೂ ಎಬ್ಬಿಸಿ ಚಹಾ ಕೊಟ್ಟು ಪುಸ್ತಕದ ಮುಂದೆ ಕೂರಿಸುತ್ತಿದ್ದರು. ಅವರಿಗೆ ಓದು ಬರುತ್ತಿರಲಿಲ್ಲ. ಆದರೆ ನಾವು ಬಾಯಿಪಾಠ ನಿಲ್ಲಿಸಿದರೆ ಅಡುಗೆಮನೆಯಿಂದಲೇ ಗೊತ್ತಾಗುತ್ತಿತ್ತು. ಮಕ್ಕಳಿಗೆ ವಿದ್ಯೆ ಕಲಿಸುವುದು ತಾಯಿತಂದೆಯರ ಕರ್ತವ್ಯವೆಂದು ಸುತ್ತದಲ್ಲಿದೆ. ಅದನ್ನು ಮಾಡಿದವರು ಮೂಡಣವಲ್ಲದೆ ಇನ್ನಾವ ದಿಕ್ಕು?

ಹೆತ್ತವಳೊಬ್ಬಳೇ ತಾಯಿ ಎಂಬ ಲೆಕ್ಕ ನಮ್ಮ ಪರಂಪರೆಯಲ್ಲಿ ಇಲ್ಲವೂ ಇಲ್ಲ. ಮಹಾಮಾಯೆ ತೀರಿದ ಮೇಲೆ ಸಿದ್ಧಾರ್ಥನಿಗೆ ಹಾಲೂಡಿದವಳು ಮಹಾಪ್ರಜಾಪತಿ ಗೌತಮಿ. ತಾನೇ ನೂತು ನೇಯ್ದ ಜೋಡಿ ವಸ್ತ್ರವನ್ನು ಅವಳು ತಂದಾಗ ಆನಂದನು ಆ ಋಣವನ್ನೇ ಭಗವಾನರಿಗೆ ನೆನಪಿಸುತ್ತಾನೆ. ಮಜ್ಝಿಮ ನಿಕಾಯದ 142ನೇ ಸುತ್ತದಲ್ಲಿ ಈ ಪ್ರಸಂಗವಿದೆ. ಬಾಬಾಸಾಹೇಬರಿಗೂ ಎಳವೆಯಲ್ಲೇ ತಾಯಿ ಭೀಮಾಬಾಯಿ ಇಲ್ಲವಾದರು. ಸಾಕಿದವರು ಸೋದರತ್ತೆ ಮೀರಾಬಾಯಿ.

ಕಳೆದ ಭಾನುವಾರ ಇದನ್ನು ಹೇಳಿದಾಗ ನಮ್ಮ ಬಳಗದ ತರುಣರೊಬ್ಬರು ಕೇಳಿದರು: "ಸರ್, ದಿನಾ ಸಾವಿರಾರು ಹುಳು ಬೇಯಿಸಿದವರು. ಮೊದಲನೇ ಶೀಲ ಏನಾಯಿತು?" ಒಳ್ಳೆಯ ಪ್ರಶ್ನೆ, ಚೇಷ್ಟೆಯಲ್ಲ. ನನಗೆ ತಿಳಿದಷ್ಟು ಹೇಳುತ್ತೇನೆ. ಶೀಲ ನಾನು ನನಗಾಗಿ ತೆಗೆದುಕೊಂಡದ್ದು, ಇನ್ನೊಬ್ಬರನ್ನು ತೂಗುವ ತಕ್ಕಡಿಯಲ್ಲ. 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಅಹಿಂಸೆಯನ್ನು ಕಟ್ಟಳೆಯಾಗಿ ಅಲ್ಲ, ತತ್ತ್ವವಾಗಿ ಕಾಣುತ್ತಾರೆ. ಕೊಲ್ಲುವ ಇಚ್ಛೆ ಬೇರೆ, ಕೊಲ್ಲಬೇಕಾದ ಅಗತ್ಯ ಬೇರೆ ಎನ್ನುತ್ತಾರೆ. ಬೇಯುವ ನೀರಿಗೆ ಕೈಹಾಕಿ ಮಕ್ಕಳ ಹೊಟ್ಟೆ ಹೊರೆದವರಲ್ಲಿ ಇಚ್ಛೆ ಎಷ್ಟು, ಅಗತ್ಯ ಎಷ್ಟು? ನಮ್ಮಲ್ಲೇ ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆ ಹಿಪ್ಪುನೇರಳೆ ಬೆಳೆದು ಗೂಡು ಮಾರುವ ಮನೆಗಳಿವೆ. ಹುಳುವಿನ ಪ್ರಶ್ನೆ ಅದರಿಂದ ಮುಗಿಯಿತು ಎನ್ನುವುದಿಲ್ಲ. ಅದನ್ನು ಕೂಲಿ ಹೆಂಗಸಿನಿಂದ ಶುರುಮಾಡುವುದು ನನಗೆ ಸರಿಕಾಣುವುದಿಲ್ಲ, ಅಷ್ಟೇ. ರೇಷ್ಮೆ ಉಡುವವರಿಂದ ಶುರುಮಾಡೋಣ.

ಖಬರಸ್ತಾನದಲ್ಲಿ ನಾನು ಹಿಂದೆ ನಿಂತಿದ್ದೆ. ಗೆಳೆಯ ಬಂದು ತೋಳು ಹಿಡಿದು ಮುಂದಕ್ಕೆ ಕರೆದೊಯ್ದ. ಮೂರು ಹಿಡಿ ಮಣ್ಣು ಹಾಕಿದೆ.

ಅವರ ಹೆಸರಿನಲ್ಲಿ ಏನಾದರೂ ಕೊಡಬೇಕು, ನಿಮ್ಮ ಕಡೆ ತಪ್ಪಾಗುತ್ತದೆಯೇ ಎಂದು ಆಮೇಲೆ ಕೇಳಿದೆ. "ನಿನಗೂ ಅಮ್ಮೀನೇ ತಾನೆ, ನನ್ನನ್ನೇನು ಕೇಳ್ತೀಯ?" ಎಂದ. ಫಿಲೇಚರ್ ಕೆಲಸದವರ ಮಕ್ಕಳಲ್ಲಿ ಈ ವರ್ಷ ಹತ್ತನೇ ತರಗತಿಯಲ್ಲಿರುವ ಆರು ಹುಡುಗಿಯರ ಪಟ್ಟಿಯನ್ನು ಅವನೇ ತಂದುಕೊಟ್ಟಿದ್ದಾನೆ. ನೋಟ್ ಬುಕ್ಕು, ಪರೀಕ್ಷಾ ಶುಲ್ಕ ನನ್ನದು. ಭಾನುವಾರದ ಓದಿಗೆ ಬರುವಾಗ ನೀವೂ ಆರು ದಿಕ್ಕಿನ ಪಟ್ಟಿಗೆ ಸುಲಭವಾಗಿ ಸೇರದ ಒಬ್ಬರ ಹೆಸರು ಯೋಚಿಸಿಕೊಂಡು ಬನ್ನಿ. ಅವರನ್ನು ಎಲ್ಲಿ ಕೂರಿಸುವುದೆಂದು ಒಟ್ಟಿಗೆ ನೋಡೋಣ.

ಭವತು ಸಬ್ಬ ಮಂಗಲಂ.