ನಿನ್ನ ಹಾವಿಗೆ ಸಿಟ್ಟಲ್ಲ, ದಿಗಿಲು

ಸಿರುಗುಪ್ಪ

ಚಿ. ಅಭಿಗೆ,

ನಿನ್ನ ಕಾಗದ ಓದಿದೆ. ಗಾರ್ಟರ್ ಹಾವು ಸಾಕಿದ್ದೀಯ. ಕೈ ಹಾಕಿದಾಗಲೆಲ್ಲ ತಲೆ ಚಪ್ಪಟೆ ಮಾಡಿಕೊಂಡು ಹಾರಿ ಬರುತ್ತೆ, ಅಂಗಿಗೆಲ್ಲ ನಾತ ಮೆತ್ತುತ್ತೆ, ‘ಇಂಥ ಸಿಡುಕು ಹಾವನ್ನ ಬೇರೆಯವರಿಗೆ ಕೊಟ್ಟುಬಿಡಲಾ ತಾತ’ ಅಂತ ಕೇಳಿದ್ದೀಯ. ನಿಮ್ಮಜ್ಜಿಗೆ ಕಾಗದ ಪೂರ್ತಿ ಓದಿ ಹೇಳಲಿಲ್ಲ. ಮೊಮ್ಮಗ ಮೀನು ಸಾಕಿದ್ದಾನೆ ಅಂದಿದ್ದೀನಿ.

ಕೊಡಬೇಡ. ಅದರ ದಾಯಾದಿಗಳನ್ನ ಇಲ್ಲಿ ಗದ್ದೆಯಲ್ಲಿ ನೋಡಿಕೊಂಡೇ ಬಂದವನು ನಾನು, ಅದಕ್ಕೇ ಹೇಳ್ತೀನಿ. ತುಂಗಭದ್ರಾ ಕಾಲುವೆಗೆ ನೀರು ಬಿಟ್ಟು ನಾಟಿ ಶುರುವಾದರೆ ಸಾಕು, ಬದುಗಳಲ್ಲಿ ನೀರು ಹಾವು ಕಾಣಿಸಿಕೊಳ್ಳುತ್ತೆ. ಮೈತುಂಬ ಕರೀ ಚೌಕಳಿ, ಕಣ್ಣಿನ ಹತ್ತಿರ ಕಾಡಿಗೆ ತೀಡಿದ ಹಾಗೆ ಎರಡು ಗೀರು. ಕಪ್ಪೆ, ಮೀನು ಹಿಡಿದು ತಿನ್ನುತ್ತೆ. ದಾರಿ ಬಿಟ್ಟರೆ ನೀರಿಗೆ ಧುಮುಕಿ ಮಾಯ. ಕಳೆ ಕೀಳುವವರ ಕೈಗೆ ಅಡ್ಡ ಸಿಕ್ಕಿ, ಓಡಲು ದಾರಿಯೇ ಇಲ್ಲದಾಗ ಮಾತ್ರ ಮುಂಭಾಗ ಎತ್ತಿ, ಕುತ್ತಿಗೆ ಅಗಲಿಸಿ, ಥೇಟ್ ನಾಗರಹಾವಿನಂತೆ ನಿಲ್ಲುತ್ತೆ. ಕಚ್ಚಿದರೆ ರಕ್ತ ಬರುತ್ತೆ, ಪ್ರಾಣಕ್ಕೇನೂ ಆಗಲ್ಲ. ಆದರೆ ಜೀವ ಉಳಿಸಿಕೊಳ್ಳಲು ಹಾಕಿದ ಆ ವೇಷವೇ ಅದಕ್ಕೆ ಮುಳುವು. ನಾಗರ ಅಂದುಕೊಂಡು ದೊಣ್ಣೆ ಎತ್ತಿಬಿಡುತ್ತಾರೆ.

ಅದೇ ಬದುವಿನಲ್ಲಿ ಇನ್ನೊಂದು ಇರುತ್ತೆ. ಬೆನ್ನುದ್ದಕ್ಕೂ ಎರಡು ಹಳದಿ ಪಟ್ಟೆ, ಕಂಡರೆ ನಿನ್ನ ಗಾರ್ಟರ್‌ನ ತಮ್ಮನೇ ಅನ್ನಬೇಕು. ಹೆದರಿದರೆ ಕುತ್ತಿಗೆ ಉಬ್ಬಿಸುತ್ತೆ. ಕಚ್ಚುವುದು ಮಾತ್ರ ಬಲು ಅಪರೂಪ. ಒಂದೇ ಬಳಗ, ಒಂದೇ ನೀರು, ಸ್ವಭಾವ ನೋಡು ಹೇಗೆ ಬೇರೆ!

ಒಂದೇ ತಾಯಿಯ ಮರಿಗಳಲ್ಲೂ ಹೀಗೇ. ಗಾರ್ಟರ್ ಮೊಟ್ಟೆ ಇಡಲ್ಲ, ಮರಿ ಹಾಕುತ್ತೆ. 1980ರ ದಶಕದಲ್ಲಿ ಹೆರಾಲ್ಡ್ ಹರ್ಜಾಗ್ ಮತ್ತು ಗಾರ್ಡನ್ ಬರ್ಗ್‌ಹಾರ್ಟ್ ಎಂಬ ವಿಜ್ಞಾನಿಗಳು ಅಂಥ ಮರಿಗಳ ಮುಂದೆ ಬೆರಳು ಆಡಿಸಿ ನೋಡಿದರು. ಕೆಲವು ಹಾರಿ ಬಂದವು, ಕೆಲವು ಓಡಿದವು. ಈ ವ್ಯತ್ಯಾಸ ಮೊದಲ ವರ್ಷವಿಡೀ ಹಾಗೇ ಉಳಿಯಿತಂತೆ. 1989ರಲ್ಲಿ ಎಡ್ಮಂಡ್ ಬ್ರೋಡಿ ಇನ್ನೂ ಸೊಗಸಾದ ಸಂಗತಿ ಹೇಳಿದ. ಒಂದು ಜಾತಿಯ ಗಾರ್ಟರ್‌ನಲ್ಲಿ ಪಟ್ಟೆ ಇರುವ ಮರಿಗಳು ನೇರ ಓಡುತ್ತವೆ, ಚುಕ್ಕೆ ಇರುವವು ಓಡುತ್ತ ಓಡುತ್ತ ತಟ್ಟನೆ ದಿಕ್ಕು ಬದಲಿಸುತ್ತವೆ. ಉದ್ದಪಟ್ಟೆ ಓಡುವಾಗ ಅದರ ವೇಗ ಕಣ್ಣಿಗೆ ಸರಿಯಾಗಿ ಸಿಗಲ್ಲ, ಅದಕ್ಕೆ ನೇರ ಓಟವೇ ಲಾಭ. ಮೈಬಣ್ಣ, ಸ್ವಭಾವ ಎರಡೂ ಜೊತೆಯಾಗಿಯೇ ಹುಟ್ಟಿ ಬಂದಿವೆ. ಇಂಥದ್ದನ್ನ ನೀನು ಬೈದು ತಿದ್ದುತ್ತೀಯಾ?

ಹಾಗಂತ ನಿನ್ನ ಕೈಯಲ್ಲಿ ಏನೂ ಇಲ್ಲ ಅಂತಲ್ಲ. ಹಾವಿನ ಕಾಲು ಅಂದರೆ ಅದರ ಮೈಬಿಸಿ. ಮೈ ಬೆಚ್ಚಗಿದ್ದರೆ ಓಡಿ ತಪ್ಪಿಸಿಕೊಳ್ಳುತ್ತೆ. ತಣ್ಣಗಿದ್ದರೆ ಓಡಲಾರದೆ ನಿಂತಲ್ಲೇ ಎದುರು ಬೀಳುತ್ತೆ. ನೀನಿರುವ ಮಿನಿಯಾಪೊಲಿಸ್ಸಿನ ಚಳಿಗಾಲದಲ್ಲಿ ನಿನ್ನ ಹಾವು ಯಾಕೆ ಹಾರಿ ಬರುತ್ತೆ ಅಂತ ನನಗೇನೋ ಆಶ್ಚರ್ಯವಿಲ್ಲ. ಬಾಲದ ಬುಡದ ಗ್ರಂಥಿಯಿಂದ ಬರುವ ಆ ನಾತವೂ ಅಷ್ಟೇ, ‘ನನ್ನನ್ನ ತಿನ್ನಬೇಡ’ ಅನ್ನುವ ಅರ್ಜಿ. ಮೇಲಿಂದ ಇಳಿದು ಬರುವ ಕೈ ಅದಕ್ಕೆ ಹದ್ದು, ಕೊಕ್ಕರೆ. ಪಕ್ಕದಿಂದ, ನಿಧಾನಕ್ಕೆ, ಅಂಗೈ ಕೆಳಗೆ ಕೊಡು. ಕತ್ತು ಹಿಡಿಯಬೇಡ. ಮೀನು ಮುಟ್ಟಿದ ಕೈ ತೊಳೆಯದೆ ಹೋದರೆ ಬೆರಳನ್ನೇ ಊಟ ಅಂದುಕೊಳ್ಳುತ್ತೆ, ಅದು ಸಿಟ್ಟೂ ಅಲ್ಲ, ದಿಗಿಲೂ ಅಲ್ಲ, ಬರೀ ಹಸಿವು. ಪೊರೆ ಬಿಡುವ ಮುಂಚೆ ಕಣ್ಣು ಮಂಜಾಗಿ ನೀಲಿ ಕಟ್ಟುತ್ತೆ, ಆಗ ಮುಟ್ಟಲೇಬೇಡ. ಹೊಟ್ಟೆ ತುಂಬಿದ ಮೇಲೂ ಒಂದೆರಡು ದಿನ ಬಿಟ್ಟುಬಿಡು. ಮುಟ್ಟಿದ ಮೇಲೆ ನೀನೂ ಸೋಪು ಹಚ್ಚಿ ಕೈ ತೊಳಿ, ಹಾವಿನ ಮೈಮೇಲೆ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು.

ನಿನ್ನನ್ನ ಅದು ಪ್ರೀತಿಸುತ್ತೆ ಅಂತ ಕಾಯಬೇಡ. ರೂಢಿಯಾಗುತ್ತೆ, ಅಷ್ಟೇ. ಸಂಗ ಬೇಕಾದರೆ ಇನ್ನೊಂದು ಗಾರ್ಟರ್‌ನದೇ ಬೇಕು. ಕೆನಡಾದ ಮೋರ್ಗನ್ ಸ್ಕಿನ್ನರ್, ನೋಮ್ ಮಿಲ್ಲರ್ 2020ರಲ್ಲಿ ತೋರಿಸಿದಂತೆ ಇವು ಒಂದರ ಜೊತೆ ಒಂದು ಸೇರಲು ಹುಡುಕಿಕೊಂಡು ಹೋಗುತ್ತವೆ. ನಿಮ್ಮಲ್ಲಿಂದ ಬಡಗಣಕ್ಕೆ, ಮ್ಯಾನಿಟೋಬಾದ ನಾರ್ಸಿಸ್ಸಿನಲ್ಲಿ ಚಳಿ ಕಳೆದ ಮೇಲೆ ಸುಣ್ಣಕಲ್ಲಿನ ಬಿಲಗಳಿಂದ ಹತ್ತಾರು ಸಾವಿರ ಗಾರ್ಟರ್‌ಗಳು ಒಟ್ಟಿಗೇ ಹೊರಬೀಳುತ್ತವಂತೆ. ಸಾಧ್ಯವಾದರೆ ಹೋಗಿ ನೋಡಿ ಬಾ, ನನಗೂ ಫೋಟೋ ಕಳಿಸು.

ಇನ್ನೊಂದು ಮಾತು. ಊರಿಗೆ ಬಂದಾಗ ಅದೇ ಹುರುಪಿನಲ್ಲಿ ಕಾಲುವೆ ದಂಡೆಯ ಹಾವಿಗೆ ಕೈ ಹಾಕೀಯ, ಜೋಕೆ. ಇಲ್ಲಿನ ಹಾವು ಹಿಡಿದು ಸಾಕುವಂತಿಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ. ಮೇಲಾಗಿ ಕೊಳಕುಮಂಡಲವೂ ನಾಗರವೂ ಇಲಿ ಹುಡುಕಿಕೊಂಡು ಅದೇ ಗದ್ದೆಗೆ ಬರುತ್ತವೆ. ಅವಕ್ಕೆ ವೇಷ ಹಾಕುವ ಕರ್ಮವಿಲ್ಲ.

ಇಷ್ಟೆಲ್ಲ ಬರೆದಿದ್ದೀಯ, ಗೂಡಿನ ಬಿಸಿ ಮೂಲೆಯಲ್ಲಿ ಎಷ್ಟು ಡಿಗ್ರಿ ಇದೆ ಅಂತಲೇ ಬರೆದಿಲ್ಲವಲ್ಲೋ. 30ರ ಆಸುಪಾಸು ಇರಬೇಕು, ಇನ್ನೊಂದು ಮೂಲೆ ತಂಪಾಗಿರಬೇಕು. ನೋಡಿ ತಿಳಿಸು. ಹಾವನ್ನ ಯಾರಿಗಾದರೂ ಕೊಡುವ ಮಾತು ಆಮೇಲೆ.

ಇಂತಿ,
ನಿನ್ನ ತಾತ