ದೊಡ್ಡ ಕಡತವನ್ನು ಜಾಲತಾಣದಿಂದ ಕಳುಹಿಸುವ ಬಗೆ

ಗೆದ್ದಲಿಗೆ ಸಿಕ್ಕದೆ ಉಳಿದ ನಮ್ಮ ಹಳೆಯ ವಾರ್ಷಿಕ ಸಂಚಿಕೆಗಳನ್ನು 2023ರ ಬೇಸಗೆ ರಜೆಯಲ್ಲಿ ಸ್ಕ್ಯಾನ್ ಮಾಡಿ, ಒಂದೇ ಕಡತವಾಗಿ ಶಾಲೆಯ ಜಾಲತಾಣದಲ್ಲಿ ಇರಿಸಿದ್ದು ಹೆತ್ತವರಲ್ಲಿ ಕೆಲವರಿಗೆ ನೆನಪಿರಬಹುದು. ಅದರ ಗಾತ್ರ ಸುಮಾರು 3 ಜಿಬಿ. ಅದನ್ನು ಓದುಗರ ಕೈಗೆ ಮುಟ್ಟಿಸಲು ಪಟ್ಟ ಪಾಡಿನಿಂದ ನಾವು ಕಲಿತುದನ್ನು ಇಲ್ಲಿ ವಿವರಿಸುತ್ತೇವೆ.

ಮೊದಲ ದಿನ ಯಾರಿಗೂ ಏನೂ ಇಳಿಯಲಿಲ್ಲ. ಕಡತವನ್ನು ಕೊಡಲು ಜಾಲತಾಣದಲ್ಲಿ ಪಿಎಚ್‌ಪಿ ಭಾಷೆಯ ಚಿಕ್ಕ ಪ್ರೋಗ್ರಾಂ ಒಂದಿತ್ತು. ಅದು ಇಡೀ ಕಡತವನ್ನು ಮೊದಲು ಸರ್ವರಿನ ಸ್ಮೃತಿಗೆ ತುಂಬಿಕೊಂಡು ಅನಂತರ ಕಳುಹಿಸಲು ಹೊರಡುತ್ತಿತ್ತು. ಅಂತಹ ಪ್ರೋಗ್ರಾಮಿಗೆ ಸಾಮಾನ್ಯವಾಗಿ ಸಿಗುವ ಸ್ಮೃತಿ 128 ಎಂಬಿ ಮಾತ್ರ. ಕೊಡಪಾನದಲ್ಲಿ ಕೆರೆಯನ್ನು ಹಿಡಿಯಲಾದೀತೆ? ಸುರಂಗದ ನೀರನ್ನು ನಮ್ಮ ಹಿರಿಯರು ಅಡಿಕೆಯ ದಂಬೆಯಲ್ಲಿ ಹರಿಯಬಿಡುತ್ತಿದ್ದರಷ್ಟೆ. ಹಾಗೆಯೇ ಸ್ವಲ್ಪ ಓದಿ, ಸ್ವಲ್ಪ ಕಳುಹಿಸಿ, ಮತ್ತೆ ಓದುವಂತೆ ಪ್ರೋಗ್ರಾಮನ್ನು ತಿದ್ದಿಸಿದೆವು. ನೀರು ಹರಿಯಿತು.

ಆದರೆ ವಾರದೊಳಗೆ ಗಲ್ಫಿನಿಂದ ಹಳೆ ವಿದ್ಯಾರ್ಥಿಯೊಬ್ಬರ ಫೋನು ಬಂತು. ತೀರಿಕೊಂಡ ತಂದೆ ಹತ್ತನೆಯ ತರಗತಿಯಲ್ಲಿ ಬರೆದ ಪದ್ಯವೊಂದು ಆ ಸಂಚಿಕೆಗಳಲ್ಲಿದೆಯೆಂದು ಅವರು ಮೂರು ರಾತ್ರಿ ಕಾದಿದ್ದರು. "ಮಾಷ್ಟ್ರೇ, ಮುಕ್ಕಾಲು ಬಂದು ನಿಲ್ಲುತ್ತದೆ. ಪುನಃ ಮೊದಲಿನಿಂದಲೇ ಸುರು" ಎಂದರು.

ಲೆಕ್ಕ ಹಾಕಿ ನೋಡೋಣ. 3 ಜಿಬಿ ಎಂದರೆ 300 ಕೋಟಿ ಬೈಟು, ಅಂದರೆ 2,400 ಕೋಟಿ ಬಿಟ್ಟು. ಸೆಕೆಂಡಿಗೆ 20 ಲಕ್ಷ ಬಿಟ್ಟಿನ ವೇಗವಿದ್ದರೆ 12,000 ಸೆಕೆಂಡು, ಅಂದರೆ 3 ಗಂಟೆ 20 ನಿಮಿಷ ಬೇಕು. ಅಷ್ಟು ಹೊತ್ತು ಸಂಪರ್ಕ ಒಮ್ಮೆಯೂ ತುಂಡಾಗಬಾರದೆಂದರೆ ಹೇಗೆ? ನಮ್ಮೂರಿನ ಮಳೆಗಾಲದಲ್ಲಂತೂ ಕೇಳುವುದೇ ಬೇಡ.

ಇದಕ್ಕೆ ಪರಿಹಾರ 1997ರಲ್ಲಿ ಪ್ರಕಟವಾದ ಎಚ್‌ಟಿಟಿಪಿ 1.1 ನಿಯಮಗಳಲ್ಲಿಯೇ ಇದೆ. ಬೇಡುವವನು ಇಡೀ ಕಡತವನ್ನು ಕೇಳಬೇಕೆಂದಿಲ್ಲ, "ಇಂತಹ ಬೈಟಿನಿಂದ ಮುಂದಕ್ಕೆ ಕೊಡಿ" ಎಂದು ಕೇಳಬಹುದು. ಬೈಟುಗಳ ಎಣಿಕೆ ಸೊನ್ನೆಯಿಂದ ಆರಂಭ. ಆದುದರಿಂದ 200 ಕೋಟಿ ಬೈಟು ಬಂದು ನಿಂತಿದ್ದರೆ ಮುಂದಿನ ಬೇಡಿಕೆ 2,00,00,00,000 ಎಂಬ ಸಂಖ್ಯೆಯಿಂದಲೇ. (ಒಂದು ಕೂಡಿಸುವ ವಿದ್ಯಾರ್ಥಿಗಳು ಇಲ್ಲಿ ಜಾಗ್ರತೆ!) ಇಡೀ ಕಡತ ಕೊಡುವಾಗ ಸರ್ವರಿನ ಉತ್ತರದ ಸಂಖ್ಯೆ 200, ಭಾಗ ಮಾತ್ರ ಕೊಡುವಾಗ 206. ನಮ್ಮ ಪ್ರೋಗ್ರಾಂ ಆ ಬೇಡಿಕೆಯನ್ನು ಓದುತ್ತಲೇ ಇರಲಿಲ್ಲ, ಯಾವಾಗಲೂ 200 ಎಂದೇ ಹೇಳುತ್ತಿತ್ತು. ಅಪಾಚಿ, ಎಂಜಿನ್‌ಎಕ್ಸ್ ಮುಂತಾದ ಸರ್ವರ್ ತಂತ್ರಾಂಶಗಳಾದರೋ ಸಾಮಾನ್ಯ ಕಡತಗಳಿಗೆ ಈ ಕೆಲಸವನ್ನು ತಾವಾಗಿಯೇ ಮಾಡುತ್ತವೆ. ನಡುವಿನ ಪ್ರೋಗ್ರಾಮನ್ನು ತೆಗೆದುಹಾಕಿದೆವು, ಅಷ್ಟೆ.

ಮೂರನೆಯ ತಪ್ಪು ಪೂರ್ತಿ ನಮ್ಮದೇ. ತಲೆಕೆಳಗಾಗಿದ್ದ ಒಂದು ಪುಟವನ್ನು ಸರಿಪಡಿಸಿ, ಹೊಸ ಕಡತವನ್ನು ಹಳೆಯ ಹೆಸರಿನಲ್ಲಿಯೇ ಇಟ್ಟುಬಿಟ್ಟೆವು. ಕಡತ ಬದಲಾದರೆ ತಿಳಿಯಲೆಂದು ಸರ್ವರು ಒಂದು ಗುರುತನ್ನು ಜೊತೆಗೆ ಕಳುಹಿಸುತ್ತದೆ, ಆದರೆ ಎಲ್ಲ ತಂತ್ರಾಂಶಗಳೂ ಅದನ್ನು ನೋಡುವುದಿಲ್ಲ. ಹಾಗೆ ನೋಡದವು ಹಳೆಯ ಅರ್ಧಕ್ಕೆ ಹೊಸ ಅರ್ಧವನ್ನು ಅಂಟಿಸಿದವು. ಗಲ್ಫಿನ ಆ ಮಹನೀಯರಿಗೆ ನಾಲ್ಕನೆಯ ರಾತ್ರಿ ಸಿಕ್ಕಿದ್ದು ತೆರೆಯಲಾಗದ ಅಂತಹ ಕಡತ. ಅವರು ಬೈಯಲಿಲ್ಲ. ನಮಗೆ ಅದೇ ಹೆಚ್ಚು ನಾಚಿಕೆಯಾಯಿತು.

ಈಗ ತಿದ್ದಿದ ಕಡತಕ್ಕೆ ತಾರೀಕು ಸೇರಿಸಿ ಹೊಸ ಹೆಸರನ್ನೇ ಇಡುತ್ತೇವೆ. ಪಕ್ಕದಲ್ಲಿ ಎಸ್‌ಎಚ್‌ಎ-256 ಎಂಬ ಕ್ರಮದಿಂದ ಬರುವ 64 ಅಕ್ಷರಾಂಕಗಳ ತಾಳೆಸಂಖ್ಯೆಯನ್ನೂ ಕೊಡುತ್ತೇವೆ. ಇಳಿಸಿಕೊಂಡವರು ತಮ್ಮ ಕಂಪ್ಯೂಟರಿನಲ್ಲಿ ಅದನ್ನು ಲೆಕ್ಕಮಾಡಿ ತಾಳೆ ನೋಡಬಹುದು. ಒಂದು ಬಿಟ್ಟು ಕೆಟ್ಟಿದ್ದರೂ ಗೊತ್ತಾಗುತ್ತದೆ. ಮೊಬೈಲಿನ ದಿನದ ಮಿತಿಯೊಳಗೆ ಇಳಿಸಿಕೊಳ್ಳಬೇಕಾದ ಮನೆಗಳಿಗಾಗಿ ಒಂದೊಂದು ವರ್ಷದ ಸಂಚಿಕೆಯನ್ನೂ ಪ್ರತ್ಯೇಕವಾಗಿ ಇರಿಸಿದ್ದೇವೆ. ಇದರಿಂದ ಸರ್ವರಿನ ಭಾರವೂ ಇಳಿಯಿತು. ಅದರ ಸಂಪರ್ಕ ಸೆಕೆಂಡಿಗೆ 100 ಮೆಗಾಬಿಟ್ಟಿನದಾದರೆ, ತಲಾ 2 ಮೆಗಾಬಿಟ್ಟಿನಂತೆ 50 ಮಂದಿ ಬಂದೊಡನೆ ದಾರಿ ತುಂಬಿಹೋಗುತ್ತದೆ.

ಆ ಪದ್ಯ ಸಿಕ್ಕಿದ್ದು ಹೀಗೆ ಬಿಡಿಸಿಟ್ಟ ಒಂದು ಸಂಚಿಕೆಯಲ್ಲಿ. ಆ ಕಡತ ಇಳಿಯಲು ಆರು ನಿಮಿಷವೂ ಹಿಡಿಯಲಿಲ್ಲವಂತೆ.